ನಾಲ್ಕು ತಿರುಪಿನ ತೂತು

ಬಚ್ಚಲ ಬಾಗಿಲಿಗೆ ತುಂಬಿದ ಬಕೆಟ್ ಅಡ್ಡ ಎಳೆದು ಅವಳು ಮುಖಕ್ಕೆ ನೀರು ಹಾಕಿಕೊಂಡಳು. ಮನೆಯ ಒಳಬಾಗಿಲು ಒಂದಕ್ಕೂ ಚಿಲಕವಿರಲಿಲ್ಲ. ಗಂಡನ ಶವ ಮಲಗುವ ಕೋಣೆಯಲ್ಲಿತ್ತು. ನಡುಮನೆಯಲ್ಲಿ ನಾದಿನಿಯ ಗಂಡ ಶುರುಮಾಡಿದ್ದ:

“ಊರಿಗೆಲ್ಲ ಬೀಗ ರಿಪೇರಿ ಮಾಡಿದೋನು, ಸ್ವಂತ ಬಚ್ಚಲಿಗೆ ಒಂದು ಚಿಲಕ ಹಾಕಲಿಲ್ಲ ನೋಡಿ! ಸ್ನಾನಕ್ಕೆ ಹೋದ್ರೆ ಹಾಡ್ತಾನೇ ಇರಬೇಕು. ‘ಯಾರದು ಒಳಗೆ?’ ‘ಆ... ಆಆ... ನಾನೇ ಭಾವಾ... ಆಆ!’”

ಅಳುತ್ತಿದ್ದವರೂ ನಕ್ಕುಬಿಟ್ಟರು.

ಬಕೆಟ್ ಸರಿಯಿತು. ಒಳಬಂದವಳು ಪಕ್ಕದ ಬೀದಿಯ ಟೈಲರ್. ಐದು ವರ್ಷದ ಕೆಳಗೆ ಗಂಡ ಮೂರು ತಿಂಗಳು ಹೋಗಿಬರುತ್ತಿದ್ದುದು ಇವಳ ಮನೆಗೇ.

“ಮುಖ ನೋಡೋಕೆ ಬಂದ್ಯಾ?”

“ಅಲ್ಲಕ್ಕಾ. ಅವರನ್ನ ಸಾಕಿದ ಸೋದರಮಾವ ಬಂದಿದಾರಂತೆ. ಹತ್ತಿರ ಬಿಡಬೇಡಿ ಅಂತ ಹೇಳೋಕೆ ಬಂದೆ.”

*

ಮದುವೆಯಾದ ಹೊಸತರಲ್ಲಿ ಅವಳೇ ಬಡಗಿಯನ್ನು ಕರೆಸಿ ಮಲಗುವ ಕೋಣೆಗೆ ಹಿತ್ತಾಳೆ ಚಿಲಕ ಹಾಕಿಸಿದ್ದಳು. ಅದನ್ನು ಎಳೆದ ಸದ್ದಿಗೆ ಅವನು ಬೆವೆತುಹೋದ. ನಾಲ್ಕೂ ತಿರುಪು ಬಿಚ್ಚಿ, ಚಿಲಕ ಜೇಬಿಗಿಳಿಸಿ ಹೊರಟ. ಎರಡು ದಿನ ಬಿಟ್ಟು ಬಂದಾಗ ಮೈಯಲ್ಲಿ ಬೇರೆ ಮನೆಯ ಸೋಪಿನ ವಾಸನೆ. ಆಮೇಲೂ ಅಷ್ಟೆ. ಅವಳು ಒಂದಿಷ್ಟು ಹತ್ತಿರವಾದಳೋ, ಅವನು ಇನ್ನೊಂದು ಮನೆ ಹುಡುಕಿದ.

“ನನ್ನಲ್ಲೇನು ಕಮ್ಮಿ?”

“ನಿನ್ನಲ್ಲಲ್ಲ ಕಣೆ.”

ಮೂವತ್ತು ವರ್ಷ ಅವಳು ಅದನ್ನು ನಂಬಲಿಲ್ಲ.

*

“ಒಂಬತ್ತು ವರ್ಷದೋನಿದ್ದಾಗ,” ನೀರಿನ ನಲ್ಲಿಯ ಕಡೆ ನೋಡುತ್ತ ಟೈಲರ್ ಹೇಳಿದಳು, “ಆ ಮಾವ ಒಳಗಿಂದ ಚಿಲಕ ಹಾಕ್ತಿದ್ರಂತೆ. ‘ನೀನಂದ್ರೆ ಪ್ರೀತಿ ಕಣೋ’ ಅಂತಿದ್ರಂತೆ. ಯಾರು ಆ ಮಾತಾಡಿದ್ರೂ ಕಾಲು ತಾನಾಗೇ ಬಾಗಿಲ ಕಡೆ ಓಡುತ್ತೆ ಅಂದ್ರು. ನಾನೂ ಆಡಿದೆ. ನನ್ನನ್ನೂ ಬಿಟ್ರು.”

“ನಿಂಗೆ ಹೇಳಿದ. ನಂಗ್ಯಾಕೆ ಹೇಳಲಿಲ್ಲ?”

“ನನ್ನನ್ನ ಬಿಟ್ಟು ಹೋಗಬಹುದಿತ್ತು. ನಿಮ್ಮ ಹತ್ತಿರ ತಿರುಗಿ ಬರಬೇಕಿತ್ತಲ್ಲ ಅಕ್ಕಾ.”

ಹೊರಗೆ ಕೋಲಿನ ಸದ್ದಾಯಿತು. ಎಂಬತ್ತೈದರ ಮುದುಕ ಎದ್ದಿದ್ದ.

“ದಾರಿ ಬಿಡ್ರಪ್ಪಾ,” ನಾದಿನಿಯ ಗಂಡ ಗದರಿದ. “ಹೆತ್ತಪ್ಪನಿಗಿಂತ ಹೆಚ್ಚಾಗಿ ನೋಡಿಕೊಂಡೋರು!”

“ಒಂದು ಗಳಿಗೆ ಎಲ್ಲಾರೂ ಆಚೆ ಇರಿ,” ಮುದುಕ ಕೋಣೆಯ ಹೊಸ್ತಿಲಲ್ಲಿ ನಿಂತು ಅಂದ. “ನನ್ನ ಮಗೂ ಜೊತೆ ನಾನೊಬ್ಬನೇ ಇರ್ತೀನಿ. ಬಾಗಿಲು ಮುಂದೆ ಮಾಡ್ಕೊಳ್ಳಿ.”

ಕೋಣೆಯಲ್ಲಿದ್ದವರು ತಗ್ಗಿ ಬಗ್ಗಿ ಹೊರಬಂದರು. ಆಗ ಅವಳೂ ಟೈಲರೂ ಬಚ್ಚಲಿನ ತುಂಬಿದ ಬಕೆಟ್ಟನ್ನು ಒಂದೊಂದು ಕೈಯಲ್ಲಿ ಹಿಡಿದು, ನೀರು ತುಳುಕಿಸುತ್ತ, ಮುದುಕನ ಕಾಲಿನ ಮುಂದೆ ಹೊಸ್ತಿಲಿಗೆ ಅಡ್ಡ ಇಟ್ಟರು.

“ಈ ಬಾಗಿಲು ಹಾಕಲ್ಲ ಮಾವ,” ಅಂದಳು ಹೆಂಡತಿ. “ನೀವು ಒಳಗೆ ಹೋಗಲ್ಲ.”

“ಏನಮ್ಮಾ ಇದು, ಜನರ ಮುಂದೆ?”

“ಹೂಂ. ಜನರ ಮುಂದೇನೇ.”

ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಅವಳು ಕೂತಳು. ಅವಳ ತಲೆಯ ಮೇಲೆ, ಹಳೆ ಮರದಲ್ಲಿ, ನಾಲ್ಕು ತಿರುಪಿನ ತೂತು. ಮುದುಕ ಆ ತೂತುಗಳನ್ನೇ ನೋಡುತ್ತ ನಿಂತ.