ಎಪ್ಪತ್ತೊಂದನೆಯ ಪುಟ

ಖಾನಾಪುರದ ಬಸ್ಸು ಪೀರನವಾಡಿ ದಾಟುವ ಹೊತ್ತಿಗೆ ಕಾಂತಾ ಆ ಕವನ ಸಂಕಲನವನ್ನು ಮೂರನೇ ಸಲ ಕೈಚೀಲದಿಂದ ಹೊರಗೆ ತೆಗೆದಳು. ಎಪ್ಪತ್ತೊಂದನೆಯ ಪುಟಕ್ಕೆ ತಲೆಯೇ ಇರಲಿಲ್ಲ. ಹಿಂದಿನ ಪುಟದಲ್ಲಿ ಮುಗಿಯದೆ ಉಳಿದ ಕವಿತೆಯ ಕೊನೆಯ ಸಾಲೊಂದೇ ಅದರ ಮೇಲ್ತುದಿಯಲ್ಲಿತ್ತು. ಅಚ್ಚಿನವರು ಆ ಹಾಳೆಗಳ ಮೇಲಂಚನ್ನು ಕತ್ತರಿಸದೆ ಹಾಗೆಯೇ ಮಡಚಿ ಹೊಲಿದಿದ್ದರು. ಇವಳು ತರಕಾರಿ ಚಾಕು ಹಾಕಿ ಬಿಡಿಸಲು ಹೋಗಿ ಹರಿದುಕೊಂಡಿದ್ದಳು. ಆ ಸಾಲಿದ್ದ ಚೂರು ಓದುವ ಮೊದಲೇ ಫ್ಯಾನಿನ ಗಾಳಿಗೆ ಅವಳ ಮಾಳಿಗೆಯ ಕಿಟಕಿ ದಾಟಿ, ಕೆಳಗೆ ರವಿವಾರ ಪೇಟೆಯ ಕಾಳಿನ ಮೂಟೆಗಳ ನಡುವೆ ಎಲ್ಲೋ ಬಿತ್ತು. ಅಣ್ಣನ ಅಂಗಡಿಯ ಹಮಾಲರೂ ಪಾಪ ಹುಡುಕಿದರು. ಕವಿತೆಯ ಸಾಲು ಎಂದರೆ ನಗುತ್ತಾರೆಂದು ಅವಳು ಮಹತ್ವದ ಕಾಗದ ಎಂದಿದ್ದಳು.

ಖಾನಾಪುರದ ಗೆಳತಿ ಮಾಯಕ್ಕನಿಗೆ ಫೋನು ಮಾಡಿ ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಪುಸ್ತಕದ ಮಾತು ಫೋನಿನಲ್ಲಿ ಆಡಬಾರದೆಂಬುದು ಇಬ್ಬರ ನಡುವಿನ ಕಟ್ಟಳೆ. ಬೆಳಗಾವಿಯ ದೂರವಾಣಿ ಕಚೇರಿಯಲ್ಲಿ ಅಕ್ಕಪಕ್ಕ ಕುಳಿತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪರರ ಮಾತುಗಳನ್ನು ಊರೂರಿಗೆ ಜೋಡಿಸಿದವರು ಅವರು. ಅಷ್ಟಾದ ಮೇಲೆ ಇಬ್ಬರಿಗೂ ಫೋನೆಂದರೆ ವಾಕರಿಕೆ. ಹೊಸ ಪುಸ್ತಕ ಬಂದರೆ ಕಾಂತಾ ಎರಡು ಪ್ರತಿ ತರಿಸುತ್ತಿದ್ದಳು, ಒಂದು ತನಗೆ, ಒಂದು ಮಾಯಕ್ಕನಿಗೆ. ಓದಿ ಅನಿಸಿದ್ದನ್ನು ಇಬ್ಬರೂ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಒಂದೇ ದಿನ ಟಪಾಲಿಗೆ ಹಾಕಬೇಕು. ಕಥೆ ಹೇಳುವಂತಿಲ್ಲ. ಪುಟದ ಸಂಖ್ಯೆ ಹಾಕಿ, ಅಲ್ಲಿ ಏನನಿಸಿತೋ ಅಷ್ಟೇ.

ಮಾಯಕ್ಕನ ಪತ್ರಗಳೆಂದರೆ ಜಗಳವೇ. "ಈ ಕಾದಂಬರಿಯೊಳಗ ಎಲ್ಲಾರೂ ಕಿಡಕಿ ಮುಂದ ನಿಂತು ವಿಚಾರ ಮಾಡ್ತಾರ, ಭಾಂಡಿ ಯಾರು ತಿಕ್ಕತಾರ?" ಎಂದು ಒಮ್ಮೆ ಬರೆದಿದ್ದಳು. ಬಂಗಾಳಿಯಿಂದ ಅನುವಾದವಾದ ಕಥೆಗಳಿಗೆ "ಉಪ್ಪು ಕಡಿಮಿ" ಎಂದಿದ್ದಳು. ಕಾಂತಾ ಅದಕ್ಕೆ ನಾಲ್ಕು ದಿನ ಉರಿದು, ಐದನೆಯ ದಿನ ಉತ್ತರ ಬರೆಯುತ್ತಿದ್ದಳು. ಮದುವೆಯಾಗದ ಕಾಂತಾ ಅಣ್ಣನ ಅಂಗಡಿಯ ಮಾಳಿಗೆಯಲ್ಲಿ ಒಬ್ಬಳೇ ಇದ್ದಳು. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದರೆ ಮುಂದೆ ಉದ್ದಾನುದ್ದ ಸಂಜೆ. ಅದನ್ನು ತುಂಬುತ್ತಿದ್ದುದು ಆ ಜಗಳ.

ಒಂದೂವರೆ ವರ್ಷದ ಹಿಂದೆ ಮಾಯಕ್ಕನ ಗಂಡ ಹಣಮಪ್ಪ ತೀರಿಕೊಂಡ. ಅಲ್ಲಿಂದ ಅವಳ ಪತ್ರಗಳು ತಡವಾಗಿ ಬರತೊಡಗಿದವು, ಜಗಳ ಮಾತ್ರ ಬರಲಿಲ್ಲ. "ನೀ ಬರದದ್ದು ಖರೇ ಐತಿ. ನನಗೂ ಹಂಗ ಅನಿಸ್ತು." ಎಲ್ಲದಕ್ಕೂ ಇದೇ ಮಾತು. ಈ ಸಲ ಕಾಂತಾ, ಎಪ್ಪತ್ತನೆಯ ಪುಟದ ಕವಿತೆ ಎರಡು ದಿನ ನಿದ್ದೆ ಕೆಡಿಸಿತು ಎಂದಷ್ಟೇ ಬರೆದಿದ್ದಳು. "ಅದರ ಕೊನೀ ಸಾಲು ಓದಿ ನನಗೂ ಕಣ್ಣು ತುಂಬಿ ಬಂತು" ಎಂದು ಉತ್ತರ ಬಂದಿತ್ತು. ಆ ಸಾಲು ನೋಡಲೇಬೇಕು. ಜೊತೆಗೆ ಮಾಯಕ್ಕನನ್ನೂ ನೋಡಬೇಕು.

ಬಾಗಿಲು ತೆರೆದವಳು ಮಾಯಕ್ಕನ ಸೊಸೆ ಮನಿಷಾ. "ಯಾ ನಾ ಮಾವಶಿ, ಬಸಾ," ಎಂದು ಮರಾಠಿಯಲ್ಲಿ ಬರಮಾಡಿ ಕೂರಲು ಹೇಳಿ, "ಅತ್ತೀ, ಯಾರ ಬಂದಾರ ನೋಡ್ರಿ," ಎಂದು ಒಳಗೆ ಕೂಗಿದಳು.

ಮಾಯಕ್ಕ ಸೊರಗಿದ್ದಳು. ಕಾಂತಾಳ ಎರಡೂ ಕೈ ಹಿಡಿದು, "ಹೇಳದ ಕೇಳದ ಬಂದೀಯಲ್ಲ! ಕುಂದರು, ಉಳ್ಳಾಗಡ್ಡಿ ಹಾಕಲಾರದ ಅವಲಕ್ಕಿ ಮಾಡ್ತೀನಿ," ಎಂದು ಅಡುಗೆಮನೆಗೆ ಹೋದಳು.

ಪುಸ್ತಕಗಳು ಗೋಡೆಯ ಗೂಡಿನಲ್ಲಿದ್ದವು. ಕಾಂತಾ ಸಂಕಲನವನ್ನು ಎಳೆದು ತೆಗೆದು ಎಪ್ಪತ್ತೊಂದನೆಯ ಪುಟ ಹುಡುಕಿದಳು. ಹಾಳೆಗಳು ಬಿಡಿಸಿಕೊಳ್ಳಲಿಲ್ಲ. ಇದರ ಮೇಲಂಚೂ ಕೂಡಿಕೊಂಡೇ ಇತ್ತು, ಚಾಕು ತಾಗಿರಲಿಲ್ಲ. ಆ ಸಾಲನ್ನು ಓದುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಪಕ್ಕದ ಕಾದಂಬರಿ ತೆರೆದಳು. ಬೆನ್ನು ಕಟಕಟ ಎಂದಿತು, ಹೊಸ ಅಂಟಿನ ವಾಸನೆ ಬಂತು. ಅದರಾಚೆಯದೂ ಹಾಗೇ. ಕಾಂತಾ ಮತ್ತೆ ಸಂಕಲನವನ್ನೇ ಕೈಗೆತ್ತಿಕೊಂಡಳು.

ಅವಲಕ್ಕಿ ತಂದ ಮಾಯಕ್ಕ ಅವಳ ಕೈಯಲ್ಲಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಒಂದೂವರಿ ವರ್ಷ ನಾ ಒಬ್ಬಾಕಿನ ಓದೀನೇನು?" ಕಾಂತಾ ಕೇಳಿದಳು.

ಮಾಯಕ್ಕ ತಾಟನ್ನು ಕೆಳಗಿಟ್ಟು ಅದರ ಎದುರೇ ಕುಳಿತಳು. "ಓದಾಕ ಕುಂದರ್ತೀನವಾ. ಎರಡನೇ ಪುಟಕ್ಕ ಹೋಗೂದ್ರಾಗ ಮೊದಲನೇದು ಮರತಿರತೈತಿ. ಮತ್ತ ಮೊದಲಿಂದ. ಇವ್ರು ಹ್ವಾದಾಗಿಂದ ಹಿಂಗ."

"ಹೇಳಬೇಕಿಲ್ಲೋ?"

"ಹೇಳಿದ್ರ ನೀ ಬರಿಯೂದು ಬಿಡ್ತಿದ್ದಿ."

ಹಾಸಿಗೆಯ ತಲೆದೆಸೆಯಿಂದ ಅವಳೊಂದು ಬಿಸ್ಕೀಟಿನ ಡಬ್ಬಿ ತಂದಳು. ಒಳಗೆ ಕಾಂತಾಳ ಪತ್ರಗಳು. ಮಡಿಕೆಗಳು ಸವೆದು ಹರಿದಲ್ಲಿ ಟೇಪು ಅಂಟಿಸಿತ್ತು, ಅಂಚಿಗೆಲ್ಲ ಎಣ್ಣೆ ಕೈಯ ಕಲೆ. "ಇವನ್ನ ಓದೀನಿ. ಇವು ಹ್ವಾದ್ವು ತಲ್ಯಾಗ," ಎಂದಳು.

ಕಾಂತಾಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಹೊರಗೆ ಹಾಕಬೇಕೋ ತಿಳಿಯಲಿಲ್ಲ. ಮೋಸ ಮಾಡಿದಳು ಎನ್ನೋಣವೆಂದರೆ ಎದುರಿಗೆ ಆ ಡಬ್ಬಿ ಇತ್ತು. ಇಬ್ಬರೂ ಅವಲಕ್ಕಿ ತಿಂದರು. ಮಗ ಸಂಜಯ ಬೆಳಗಾವಿಯ ಆಟೋ ನಗರದ ವರ್ಕ್‌ಶಾಪಿಗೆ ದಿನಾ ಬಸ್ಸಿನಲ್ಲಿ ಓಡಾಡಿ ದಣಿಯುವುದನ್ನು ಮಾಯಕ್ಕ ಹೇಳಿದಳು, ಇವಳು ಹೂಂಗುಟ್ಟಿದಳು. ಹೊರಡುವಾಗ ಕಾಂತಾ ಸಂಕಲನವನ್ನು ಗೂಡಿಗೆ ಸೇರಿಸದೆ ಡಬ್ಬಿಯ ಮೇಲೆ ಇಟ್ಟಳು.

"ಎಪ್ಪತ್ತೊಂದನೇ ಪುಟದ ಸಾಲು ನನ್ನ ಪುಸ್ತಕದಾಗ ಹರದೈತಿ. ನಿನ್ನ ಕಡೆ ಅಷ್ಟ ಐತಿ. ಬಿಡಿಸಿ, ಬರದು ಕಳಸು."

"ಈಗ ಬಿಡಿಸೂಣು ತಡಿ, ಚಾಕು ತರ್ತೀನಿ."

"ಬ್ಯಾಡ. ನೀ ಓದಿ ಕಳಸು. ಹೊತ್ತ ಮುಣಗೂದ್ರಾಗ ನಾ ಮನಿ ಮುಟ್ಟಬೇಕು."

ಬಸ್ಸಿನಲ್ಲಿ ಕುಳಿತ ಮೇಲೆ ಅವಳಿಗೆ ಗಾಬರಿಯಾಯಿತು. ಆ ಕವಿತೆ ಯಾವುದರ ಬಗ್ಗೆ ಎಂಬುದು ಮಾಯಕ್ಕನಿಗೆ ಗೊತ್ತಿಲ್ಲ. ಅದರಲ್ಲಿ ಗಂಡ ಸತ್ತವಳೊಬ್ಬಳು ಅವನ ಮೊಬೈಲಿಗೆ ಫೋನು ಹಚ್ಚುತ್ತಾಳೆ. ಒಂದು ರಿಂಗು, ಎರಡು, ಮೂರು. ಅಲ್ಲಿಗೆ ಎಪ್ಪತ್ತನೆಯ ಪುಟ ಮುಗಿಯುತ್ತದೆ. ಎಂಥ ಕೆಲಸ ಮಾಡಿದೆ ಎಂದು ತನ್ನನ್ನೇ ಬೈದುಕೊಂಡಳು. ತಿರುಗಿ ಹೋಗಿ ಕಸಿದುಕೊಂಡು ಬರೋಣ ಎಂದೂ ಅನಿಸಿತು. ಬಸ್ಸು ಆಗಲೇ ಊರು ಬಿಟ್ಟಿತ್ತು.

ಏಳು ದಿನ ಏನೂ ಬರಲಿಲ್ಲ. ಕಾಂತಾ ದಿನಾ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಟಪಾಲಿನವನ ದಾರಿ ಕಾಯ್ದಳು. ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಇನ್ನು ಮೇಲೆ ಪುಸ್ತಕದ ಒಂದೇ ಪ್ರತಿ ತರಿಸಿದರೆ ಸಾಕೇನೋ ಎಂಬ ಯೋಚನೆಯೂ ಬಂತು.

ಎಂಟನೆಯ ದಿನ ಸಂಜೆ, ಅವಳು ತಾಟು ಬಡಿಸಿಕೊಂಡು ಕೂರುವಷ್ಟರಲ್ಲಿ ಅಣ್ಣನ ಅಂಗಡಿಯವರು ಮೇಲೆ ಬಂದು ಒಂದು ಇನ್‌ಲ್ಯಾಂಡ್ ಕೊಟ್ಟು ಹೋದರು. ಈ ಸಲ ಚಾಕುವನ್ನು ನಿಧಾನವಾಗಿ ಆಡಿಸಿ ಅಂಚು ಬಿಡಿಸಿದಳು.

"ಕಾಂತಾ, ಕೊನೀ ಸಾಲು ಇದು: 'ಆ ತುದಿಯಲ್ಲಿ ಯಾರೋ ಉಸಿರಾಡಿದ ಸದ್ದು.'

"ಕವಿತಾ ಬರದಾಕಿ ಸುಳ್ಳ ಬರದಾಳ. ನಾ ಇವ್ರ ನಂಬರಿಗೆ ಹಚ್ಚಿ ನೋಡೀನಿ, ಒಂದ ಸಲ ಅಲ್ಲ. ಮೊದಮೊದಲ ರಿಂಗ್ ಆಗ್ತಿತ್ತು. ಈಗ ಈ ನಂಬರ ಚಾಲ್ತಿಯೊಳಗ ಇಲ್ಲ ಅಂತ ಒಬ್ಬಾಕಿ ಹೇಳ್ತಾಳ. ಯಾರೂ ಉಸರಾಡೂದಿಲ್ಲ. ಲೈನಿನ ಮ್ಯಾಲ ಅಷ್ಟು ವರ್ಷ ಕುಂತಾವ್ರು ನಾವು, ನಮಗ ಗೊತ್ತಿಲ್ಲೇನು?

"ಈ ಕವಿತಾ ನನಗ ಸೇರಲಿಲ್ಲ. ನಿನಗ ಯಾಕ ಸೇರಿತು, ಬರದು ತಿಳಸು."

ಕಾಂತಾ ಮತ್ತೊಮ್ಮೆ ಓದಿದಳು. ಆಮೇಲೆ ಮೇಜಿನ ಖಾನೆಯಿಂದ ಹೊಸ ಇನ್‌ಲ್ಯಾಂಡ್ ತೆಗೆದು, "ಮಾಯಕ್ಕಾ" ಎಂದು ಬರೆದು, ಪೆನ್ನು ಹಿಡಿದು ಬಹಳ ಹೊತ್ತು ಕುಳಿತಳು. ತಲೆ ಎತ್ತಿದಾಗ ಎದುರಿನ ಅಂಗಡಿಗಳ ತಗಡಿನ ಮೇಲಿಂದ ಬಿಸಿಲು ಪೂರ್ತಿ ಇಳಿದುಹೋಗಿತ್ತು. ಇನ್ನು ಬೆಳಗಾಗುವ ತನಕ ಉಣ್ಣುವಂತಿಲ್ಲ. ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಪಕ್ಕಕ್ಕೆ ಸರಿಸಿ, ಅವಳು ದೀಪ ಹಚ್ಚಿದಳು.