ಬಾಗಿಲಿಗೆ ಸಿಕ್ಕಿದ ಕೈಗಳು

ಬೆಳಗಿನ ಏಳು ಗಂಟೆಗೆ ಆ ಮನೆಯಲ್ಲಿ ದಿನವೂ ಒಂದು ಜಗಳ ತಪ್ಪುತ್ತಿರಲಿಲ್ಲ. ಮಾವ ಅಂಗಿಯ ಗುಂಡಿ ಹಾಕಿಕೊಳ್ಳಲು ಶುರುಮಾಡುವರು, ನೋಡಲಾರದೆ ಅತ್ತೆ ಕೈ ಹಚ್ಚಲು ಹೋಗುವರು, "ನಾನೇನು ಕೈಲಾಗದವನಾ? ಸರಿ ಆಚೆ!" ಎಂದು ಮಾವ ಗದರುವರು. ಅವರ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ಕಿರುಬೆರಳು, ನಡುವೆ ಒಂದು ಮೋಟು. ಐದು ಗುಂಡಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಬೀದಿಯ ಜನ ಎರಡೂ ಕೈಯ ಬೆರಳೆಣಿಸಿ ಅವರಿಗೆ 'ಏಳೂವರೆ' ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಎದೆ ಇನ್ನಷ್ಟು ಮುಂದೆ ಬರುತ್ತಿತ್ತು.

ಸೊಸೆ ಇದನ್ನೆಲ್ಲ ಒಲೆಯ ಮುಂದೆ ನಿಂತೇ ಕೇಳಿಸಿಕೊಂಡು, ಎರಡು ಬುತ್ತಿ ಕಟ್ಟಿ, ಒಂದನ್ನು ಗಂಡನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುವಳು. ಗಂಡ ಬೀದಿಯ ಕೊನೆಯಲ್ಲಿದ್ದ ತಗಡಿನ ಕಾರ್ಖಾನೆಯಲ್ಲಿ ಡಬ್ಬದ ಮುಚ್ಚಳ ಒತ್ತುವ ಪ್ರೆಸ್ ನಡೆಸುತ್ತಿದ್ದ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಿದ್ದಳು. "ನಾನು ಮುಚ್ಚಳ ಹಾಕ್ತೀನಿ, ಇವಳು ಜನರ ಗುಟ್ಟು ತೆಗೀತಾಳೆ," ಎಂದು ಗಂಡ ನಗಿಸುತ್ತಿದ್ದ. ನಗಿಸದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ಬೀದಿಯಲ್ಲಿ ಇಪ್ಪತ್ತಾರು ಮನೆ, ಎಲ್ಲರ ಹೊಟ್ಟೆಪಾಡೂ ಅದೇ ಕಾರ್ಖಾನೆಯಲ್ಲಿ. ಅಲ್ಲೊಂದು ಪದ್ಧತಿಯಿತ್ತು. ಯಾರದಾದರೂ ಕೈ ಪ್ರೆಸ್ಸಿಗೆ ಸಿಕ್ಕಿದರೆ ನೇರ ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಮೊದಲು ಮನೆಗೆ ಕರೆತರಬೇಕು, ಹೊಸಿಲು ದಾಟಿಸಬೇಕು, ಪೆಟ್ಟಾದ ಕೈಯನ್ನು ಬಾಗಿಲಿಗೆ ಒಮ್ಮೆ ಮುಟ್ಟಿಸಬೇಕು. ಅಲ್ಲಿಗೆ ಆ ಕೈ ಬಾಗಿಲಿಗೆ ಸಿಕ್ಕಿದಂತಾಯಿತು! ಆಸ್ಪತ್ರೆಯಲ್ಲಿ ಕೇಳಿದರೆ ಹಾಗೇ ಹೇಳುವುದು. ಬಾಗಿಲು ಮುಟ್ಟಿದ್ದಂತೂ ನಿಜವೇ, ಹಾಗಾಗಿ ಸುಳ್ಳಾಡಿದ ಪಾಪ ಬರುವುದಿಲ್ಲ. ಇಂಥ ಜಾಣತನವನ್ನು ಯಾವ ಮಹಾನುಭಾವ ಕಂಡುಹಿಡಿದನೋ! ಹಾಗೆ ನಡೆದುಕೊಂಡ ಮನೆಗೆ ಕಾರ್ಖಾನೆಯವರು ಒಂದು ಹಣ್ಣಿನ ಬುಟ್ಟಿ ಕಳಿಸುತ್ತಿದ್ದರು, ಆ ಮನೆಯ ಇನ್ನೊಬ್ಬರಿಗೆ ಕೆಲಸ ಕೊಡುತ್ತಿದ್ದರು. ಜನ ಇದನ್ನು ಮರ್ಯಾದೆ ಎಂದು ಕರೆದರು. ಏಳೂವರೆಯವರ ಬೆರಳು ಹೋದ ಮೇಲೇ ಅವರ ತಮ್ಮ ಒಳಗೆ ಸೇರಿ, ಈಗ ಮೇಸ್ತ್ರಿಯಾಗಿದ್ದ.

ಸೊಸೆ ಈ ಬೀದಿಗೆ ಬಂದು ನಾಲ್ಕು ವರ್ಷ. 'ಪೆಟ್ಟಾದ ಸ್ಥಳ' ಎಂಬ ಅಂಕಣದಲ್ಲಿ 'ಮನೆ, ಬಾಗಿಲು' ಎಂದು ತನ್ನ ದುಂಡು ಅಕ್ಷರದಲ್ಲಿ ಅವಳೂ ಬರೆದುಕೊಂಡೇ ಬಂದಿದ್ದಳು. ಡಾಕ್ಟರು ಒಮ್ಮೆ, "ನಿಮ್ಮ ಬೀದಿ ಬಾಗಿಲುಗಳಿಗೆ ಹಲ್ಲು ಬಂದಿದೆಯೇನಮ್ಮಾ?" ಎಂದು ಕೇಳಿದ್ದರು. ಅವಳು ತಲೆ ತಗ್ಗಿಸಿದ್ದಳು.

ತಲೆ ಎತ್ತುವಂತೆ ಮಾಡಿದವಳು ಎದುರುಮನೆಯಾಕೆ. ಆಕೆಯ ಎರಡು ಬೆರಳು ಪ್ರೆಸ್ಸಿಗೆ ಹೋಗಿ ತಿಂಗಳಾಗಿತ್ತು. ಬುಟ್ಟಿಯ ಹಣ್ಣು ಎರಡು ದಿನಕ್ಕೆ ಮುಗಿದಿತ್ತು. ತಗಡು ಎತ್ತಲಾಗದು ಎಂದು ಕೆಲಸವೂ ಹೋಯಿತು, ಮನೆಯಲ್ಲಿ ಮಾಡುತ್ತಿದ್ದ ಹೊಲಿಗೆಯೂ ನಿಂತಿತು. ಪಟ್ಟಿ ಬದಲಿಸಿಕೊಳ್ಳಲು ಬಂದವಳು ಕಿಟಕಿಯ ಬಳಿ ಬಗ್ಗಿ, "ನಂಗೆ ಕಾನೂನು ಪ್ರಕಾರ ಏನಾದ್ರೂ ಬರುತ್ತಾ ಅಕ್ಕಾ?" ಎಂದಳು. "ಚಹಾ ಅಂಗಡಿಯವನು ಏನೂ ಬರಲ್ಲ ಅಂತಾನೆ. ಕ್ಷೌರದವನು ಲಕ್ಷಗಟ್ಟಲೆ ಅಂತಾನೆ. ಕೋರ್ಟ್ ಮುಂದೆ ಒಬ್ಬ, ಅರ್ಧ ನನಗೆ ಕೊಡೋದಾದ್ರೆ ಹೇಳ್ತೀನಿ ಅಂದ. ಯಾರ ಮಾತು ನಂಬಲಿ?"

ಸೊಸೆಗೂ ಗೊತ್ತಿರಲಿಲ್ಲ. ದಿನಕ್ಕೆ ನೂರು ಜನರ ವಿವರ ಬರೆಯುವ ತನಗೆ ಇಷ್ಟು ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನ ಅರ್ಧ ದಿನ ರಜೆ ಹಾಕಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಳು.

ಅಲ್ಲಿದ್ದ ಅಧಿಕಾರಿಣಿ ದಪ್ಪ ಕನ್ನಡಕದ, ಸಣ್ಣ ದನಿಯ ಹೆಂಗಸು. ಚಹಾದವನು, ಕ್ಷೌರದವನು, ಕೋರ್ಟಿನವನು, ಮೂವರ ಕಥೆಯನ್ನೂ ಕೇಳಿ ಬಾಯ್ತುಂಬ ನಕ್ಕರು. ಆಮೇಲೆ ಬೀರುವಿನಿಂದ ಒಂದು ತೆಳು ಪುಸ್ತಕ ತೆಗೆದು ಅವಳ ಕೈಗಿಟ್ಟರು.

"ಕಾಯ್ದೆಯ ಜೊತೆಗಿರೋ ಪಟ್ಟಿ ಇದು. ಯಾವ ಬೆರಳು ಹೋದ್ರೆ ದುಡಿಯೋ ಶಕ್ತಿ ಎಷ್ಟು ಪಾಲು ಹೋಯ್ತು ಅಂತ ಇದರಲ್ಲಿದೆ. ವಯಸ್ಸು, ಸಂಬಳ ಸೇರಿಸಿ ಲೆಕ್ಕ ಹಾಕೋ ಕ್ರಮ ಕೊನೇ ಪುಟದಲ್ಲಿ. ಮೊದಲು ಮೇಲಿನ ತಾರೀಖು ನೋಡಿ. ತಾರೀಖಿಲ್ಲದ ಕಾಗದ ಯಾರು ಕೊಟ್ರೂ ನಂಬಬೇಡಿ. ಬದಲಾವಣೆ ಆದ್ರೆ ಗೆಜೆಟ್‌ನಲ್ಲಿ ಬರುತ್ತೆ, ಇಲ್ಲಿ ಬಂದು ಕೇಳಿದ್ರೆ ನಾವೂ ಹೇಳ್ತೀವಿ. ಬಿಟ್ಟಿ. ಯಾರಿಗೂ ಅರ್ಧ ಕೊಡೋದು ಬೇಡ."

"ಎಷ್ಟು ಜನಕ್ಕೆ ಸಿಕ್ಕಿದೆ ಮೇಡಂ?"

"ಅದು ವಾರ್ಷಿಕ ವರದಿಯಲ್ಲಿದೆ," ಎಂದು ಇನ್ನೊಂದು ಪುಸ್ತಕ ಬಿಚ್ಚಿದರು.

ತಗಡಿನ ಕಾರ್ಖಾನೆಯ ಸಾಲನ್ನು ಅವಳು ಬೆರಳಿಟ್ಟು ಹುಡುಕಿದಳು. ಅಪಘಾತ: ಸೊನ್ನೆ. ಹಿಂದಿನ ವರ್ಷ ಸೊನ್ನೆ. ಅದರ ಹಿಂದಿನ ವರ್ಷ ಸೊನ್ನೆಯ ಜೊತೆಗೆ ಸುರಕ್ಷತೆಯ ಪ್ರಶಸ್ತಿ.

"ಇದು ಸುಳ್ಳು ಮೇಡಂ! ಪ್ರೆಸ್ಸಿನ ಮುಂದೆ ಕೈ ತಡೆಯೋ ಜಾಲರಿ ಕೂಡ ಇಲ್ಲ. ನೀವು ಯಾರೂ ಬಂದು ನೋಡಿಲ್ವಾ?"

"ಸೊನ್ನೆ ಇರೋ ಕಡೆಗೆ ನಾವು ಕೊನೆಗೆ ಹೋಗ್ತೀವಮ್ಮ. ಇಡೀ ಜಿಲ್ಲೆಗೆ ಇಬ್ಬರೇ ಇನ್‌ಸ್ಪೆಕ್ಟರು. ಕಾರ್ಖಾನೆ ಕೊಡೋ ವರದಿಯನ್ನ ಆಸ್ಪತ್ರೆ ದಾಖಲೆ ಜೊತೆ ತಾಳೆ ನೋಡ್ತೀವಿ. ಎರಡೂ ಒಂದೇ ಮಾತು ಹೇಳಿದ್ರೆ ನಾವೇನು ಮಾಡೋಣ?"

ಆಸ್ಪತ್ರೆಯ ದಾಖಲೆ! ತಾನು ಯಾರ ಬಳಿ ನಿಜವಾದ ಅಂಕಿಸಂಖ್ಯೆ ಕೇಳಲು ಬಂದಿದ್ದಳೋ ಅವರು ತನ್ನ ಅಕ್ಷರವನ್ನೇ ನಂಬಿ ಕೂತಿದ್ದರು. ಅವಳ ಮುಖಕ್ಕೆ ಯಾರೋ ಹೊಡೆದಂತಾಯಿತು. ದಾಖಲೆಯೇ 'ಬಾಗಿಲು' ಎನ್ನುತ್ತಿದ್ದ ಮೇಲೆ, ಎದುರುಮನೆಯಾಕೆ ಪರಿಹಾರಕ್ಕೆ ಹಾಕುವ ಅರ್ಜಿ ಊರ್ಜಿತವಾಗಲು ಕಣ್ಣಾರೆ ಕಂಡವರ ಸಾಕ್ಷಿ ಬೇಕಿತ್ತು. ಅವಳು ಮನೆಮನೆ ಹತ್ತಿಳಿದಳು. ಕಂಡವರು ಹನ್ನೊಂದು ಜನ, ಬಾಯಿ ಬಿಟ್ಟವರು ಒಬ್ಬರೂ ಇಲ್ಲ.

ಭಾನುವಾರ ಮೇಸ್ತ್ರಿ ಚಿಕ್ಕಮಾವ ಊಟಕ್ಕೆ ಬಂದಾಗ ಅವಳು ಆ ಪಟ್ಟಿಯ ಪುಸ್ತಕವನ್ನು ತಟ್ಟೆಯ ಪಕ್ಕದಲ್ಲಿಟ್ಟಳು.

"ಏನಮ್ಮಾ ಇದು, ಊಟದ ಜೊತೆ ಓದೂ ಬಡಿಸ್ತೀಯಾ?" ಎಂದ ಮೇಸ್ತ್ರಿ. ಓದುತ್ತ ಹೋದಂತೆ ಅವನ ನಗು ಇಳಿಯಿತು. "ನೋಡು, ಕಾರ್ಖಾನೆ ಹೆಸರು ಕೆಟ್ಟು ಬೀಗ ಬಿದ್ರೆ ಇಪ್ಪತ್ತಾರು ಮನೆ ಒಲೆ ಆರುತ್ತೆ. ಆಗ ನಿನ್ನ ಪುಸ್ತಕ ಉರಿಸಿ ಅಡಿಗೆ ಮಾಡ್ತೀಯಾ?"

"ಬೀಗ ಹಾಕಿ ಅಂತ ಯಾರು ಹೇಳಿದ್ರು ಚಿಕ್ಕಮಾವ? ಜಾಲರಿ ಹಾಕಲಿ. ಪೆಟ್ಟೇ ಆಗಿಲ್ಲ ಅಂತ ನಾವೇ ಬರೆಸಿದ್ರೆ ಅವರು ಯಾಕೆ ಹಾಕ್ತಾರೆ?"

ಮಾವ ತಟ್ಟೆ ದೂಡಿದರು. "ಪರಿಹಾರ ಅಂದ್ರೆ ಭಿಕ್ಷೆಗೆ ಇಟ್ಟ ದೊಡ್ಡ ಹೆಸರು. ನನ್ನ ಬೆರಳು ಹೋದಾಗ ನಾನು ಯಾರ ಮುಂದೂ ಕೈ ಚಾಚಲಿಲ್ಲ. ಈ ಮನೆ ಮರ್ಯಾದೆ ಅದರ ಮೇಲೆ ನಿಂತಿದೆ, ತಿಳ್ಕೋ."

"ಸಂಬಳ ತಗೊಳ್ಳುವಾಗ ಭಿಕ್ಷೆ ಅನ್ನಿಸ್ತಿತ್ತಾ ಮಾವ? ದುಡಿದಿದ್ದಕ್ಕೆ ಸಂಬಳ, ದುಡಿಯುವಾಗ ಕಳಕೊಂಡಿದ್ದಕ್ಕೆ ಪರಿಹಾರ. ಎರಡೂ ನಿಮ್ಮದೇ."

"ಬಾಯಿ ಮುಚ್ಚು."

"ನನ್ನ ಹತ್ತೂ ಬೆರಳು ಇನ್ನೂ ಇದಾವೆ ಮಹಾರಾಯ್ರೇ, ಅದಕ್ಕೆ ಈಗಲೇ ಜಗಳ ಯಾಕೆ?" ಎಂದು ಗಂಡ ಎರಡು ಕೈಯನ್ನೂ ಎತ್ತಿ ಆಡಿಸಿದ. ಅತ್ತೆ ಒಬ್ಬರೇ ನಗಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ನಾಲ್ಕನೇ ಪ್ರೆಸ್ ಅವನ ಎಡಗೈಯ ಮೂರು ಬೆರಳನ್ನು ಕತ್ತರಿಸಿತು.

ಕಾರ್ಖಾನೆಯಿಂದ ಆಸ್ಪತ್ರೆಗೆ ಬಲಕ್ಕೆ ಹೋದರೆ ಹತ್ತು ನಿಮಿಷದ ದಾರಿ. ಮೇಸ್ತ್ರಿ ಅವನನ್ನು ಎಡಕ್ಕೆ, ಮನೆಯ ಕಡೆಗೆ ನಡೆಸಿದ. ಎಷ್ಟೆಂದರೂ ಸ್ವಂತ ಅಣ್ಣನ ಮಗ, ಪದ್ಧತಿಯಲ್ಲಿ ಕೊರತೆಯಾಗಬಾರದಲ್ಲ! ಮನೆಯಲ್ಲಿ ಹೊಸಿಲು ದಾಟಿಸಿದರು. ಕೈಯನ್ನು ಬಾಗಿಲಿಗೆ ಮುಟ್ಟಿಸಲು ಅತ್ತೆ ಒಪ್ಪಲಿಲ್ಲ. ಮಾವ ಗದರಿದಾಗ ಆಕೆ ಅಲ್ಲೇ ಕುಸಿದು ಕೂತರು. ಆಕೆಯನ್ನು ಸಂಭಾಳಿಸಿ, ಕೈಯನ್ನು ಬಾಗಿಲಿಗೆ ಮುಟ್ಟಿಸಿ, ರಕ್ತದ ಬಟ್ಟೆ ಬದಲಿಸಿ, ಆಟೊ ಹುಡುಕಿ ಆಸ್ಪತ್ರೆಗೆ ಬರುವಷ್ಟರಲ್ಲಿ ಹನ್ನೆರಡೂ ಕಾಲು.

ಸೊಸೆ ಕಿಟಕಿಯಿಂದಲೇ ನೋಡಿದಳು. ಎದ್ದು ಓಡಿದಳು. ಗಂಡ ಸುಣ್ಣದಂತೆ ಬೆಳ್ಳಗಾಗಿದ್ದ, ನಗಿಸುವ ಮಾತೊಂದೂ ಅವನಿಂದ ಬರಲಿಲ್ಲ. ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, "ತುಂಡಾದ ಬೆರಳೆಲ್ಲಿ?" ಎಂದರು.

ಮಾವ ತಮ್ಮನ ಕಡೆ ನೋಡಿದರು.

"ಬೆರಳು ತಂದಿದೀರಾ ಇಲ್ವಾ?"

ಮೇಸ್ತ್ರಿ ಗೋಡೆಗೆ ಹೇಳಿದಂತೆ ಹೇಳಿದ: "ತಗಡಿನ ಚೂರಿನ ಜೊತೆ ಗುಡಿಸಿಬಿಟ್ವಿ ಸ್ವಾಮಿ."

ಬಾಗಿಲಿಗೆ ಸಿಕ್ಕಿದ ಕೈಯ ಬೆರಳು ಪ್ರೆಸ್ಸಿನ ಕೆಳಗೆ ಬಿದ್ದಿರಬಾರದಲ್ಲ! ಪದ್ಧತಿ ಅಷ್ಟು ದೂರ ಯೋಚಿಸಿತ್ತು.

"ಒಳ್ಳೇ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸ್ ಮೇಲಿಟ್ಟು ತಕ್ಷಣ ತಂದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ," ಎಂದರು ಡಾಕ್ಟರು. "ಎರಡಾದ್ರೂ ಜೋಡಿಸೋಕೆ ಪ್ರಯತ್ನ ಮಾಡಬಹುದಿತ್ತು."

ಮಾವ ಬೆಂಚಿನ ಮೇಲೆ ಕೂತುಬಿಟ್ಟರು. "ಜೋಡಿಸಬಹುದಿತ್ತಾ?" ಎಂದು ಕೇಳಿದರು. ಡಾಕ್ಟರು ಆಗಲೇ ಒಳಗೆ ಹೋಗಿದ್ದರು.

ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಗಂಡನನ್ನು ಗಾಲಿಕುರ್ಚಿಯಲ್ಲಿ ಕಿಟಕಿಯ ಮುಂದೆ ತಂದು ನಿಲ್ಲಿಸಿದರು. ವಾರ್ಡಿಗೆ ಸೇರಿಸಲು ದಾಖಲೆ ಬೇಕಿತ್ತು. ಅವಳು ಮುಖ ತೊಳೆದುಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಹೆಸರು, ವಯಸ್ಸು, ವಿಳಾಸ ಬರೆದಳು. "ಪೆಟ್ಟಾದ ಸ್ಥಳ?" ಎಂದು ಕೇಳಿದಳು.

"ಬಾಗಿಲು ಅಂತ ಬರ್ಕೋಮ್ಮ. ಹೊಸದಾಗಿ ಕೇಳೋದೇನಿದೆ?" ಎಂದ ಮೇಸ್ತ್ರಿ.

"ಪೆಟ್ಟು ತಿಂದವರು ಹೇಳಬೇಕು ಚಿಕ್ಕಮಾವ."

ಗಂಡ ಅಪ್ಪನ ಕಡೆ ನೋಡಿದ. ಹುಟ್ಟಿದಾಗಿನಿಂದ ಆ ಮುಖ ನೋಡಿಯೇ ಉತ್ತರ ಹೇಳಿದವನು.

"ಮಾವನ್ನ ನೋಡಬೇಡಿ," ಎಂದಳು ಅವಳು. "ನಿಮ್ಮ ಕೈ ನೋಡ್ಕೊಂಡು ಹೇಳಿ. ಏನು ಹೇಳ್ತೀರೋ ಅದನ್ನೇ ಬರೀತೀನಿ."

ಅವನು ದಪ್ಪ ಪಟ್ಟಿಯೊಳಗಿನ ಕೈಯನ್ನು ನೋಡಿದ. "ಕಾರ್ಖಾನೆ," ಎಂದ. ಮತ್ತೆ ಬಿಡಿಸಿ ಹೇಳಿದ: "ಕಾರ್ಖಾನೆಯಲ್ಲಿ. ನಾಲ್ಕನೇ ಪ್ರೆಸ್."

ಮದುವೆಯಾದ ಮೇಲೆ ಗಂಡನ ಬಗ್ಗೆ ಅಷ್ಟು ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ.

"ನೋವಲ್ಲಿ ಏನೇನೋ ಬಡಬಡಿಸ್ತಾನೆ, ಬರೀಬೇಡ!" ಮೇಸ್ತ್ರಿ ಕಿಟಕಿಗೆ ಕೈ ಅಡ್ಡ ಇಟ್ಟ. "ಇದನ್ನ ಬರೆದ್ರೆ ನಾಳೆಯಿಂದ ನಿಮ್ಮ ಮನೆಯವರು ಯಾರೂ ಆ ಗೇಟಿನೊಳಗೆ ಕಾಲಿಡೋ ಹಾಗಿಲ್ಲ. ನನ್ನನ್ನೂ ಓಡಿಸ್ತಾರೆ. ಅಣ್ಣಾ, ನೀನಾದ್ರೂ ಹೇಳು!"

ಮಾವ ಎದ್ದು ಬಂದರು. ತಮ್ಮನ ಕೈಯನ್ನು ಮೆಲ್ಲಗೆ ಕಿಟಕಿಯಿಂದ ಸರಿಸಿದರು.

"ನಿನ್ನನ್ನ ಓಡಿಸಿದ್ರೆ ನಮ್ಮನೆಗೆ ಬಾ, ಇದ್ದದ್ದನ್ನ ಹಂಚ್ಕೊಂಡು ತಿನ್ನೋಣ," ಎಂದರು. "ಇವತ್ತು ನನ್ನ ಮಗನನ್ನ ಎಡಕ್ಕೆ ನಡೆಸಿದ್ದು ನೀನಲ್ಲ ಕಣೋ, ನಾನು. ಮೂವತ್ತೊಂದು ವರ್ಷದ ಹಿಂದೆ ನಾನು ಎಡಕ್ಕೆ ನಡೆದೆ, ನೀವೆಲ್ಲ ನನ್ನ ಹಿಂದೆ ನಡೆದ್ರಿ." ಸೊಸೆಯ ಕಡೆ ತಿರುಗಿದರು. "ಕರ್ಕೊಂಡು ಬಂದವರ ಸಹಿ ಬೇಕಲ್ವೇನಮ್ಮಾ? ಕೊಡು ಪೆನ್ನು."

ಸಹಿ ಹಾಕಲು ಅವರಿಗೆ ಹೊತ್ತು ಹಿಡಿಯಿತು. ಹಿಂದಿನ ಸಾಲಿನಲ್ಲಿ ಅವರ ಬೀದಿಯವರೇ ನಾಲ್ಕಾರು ಮಂದಿಯಿದ್ದರು. ಒಬ್ಬರೂ ಬೇಗ ಬೇಗ ಅನ್ನಲಿಲ್ಲ.

"ಈಗ ಓದು, ಏನು ಬರೆದಿದೀಯ ಅಂತ," ಎಂದರು ಮಾವ.

"ಪೆಟ್ಟಾದ ಸ್ಥಳ, ತಗಡಿನ ಕಾರ್ಖಾನೆ, ನಾಲ್ಕನೇ ಪ್ರೆಸ್. ಸಮಯ, ಬೆಳಿಗ್ಗೆ ಹನ್ನೊಂದು, ಕೆಲಸದ ವೇಳೆ. ಆಸ್ಪತ್ರೆಗೆ ತಂದದ್ದು, ಹನ್ನೆರಡೂ ಕಾಲು."

ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿ, "ಇನ್ನೊಂದ್ಸಲ ಓದು ಮಗಳೇ," ಎಂದರು. "ಹಿಂದೆ ನಿಂತಿರೋರಿಗೂ ಕೇಳಿಸ್ಲಿ."

ಅವಳು ಎದ್ದು ನಿಂತು ಓದಿದಳು.