ಎರಡನೆಯ ತಪ್ಪು

ಉರ್ವದ ಗುಣಪಾಲ ಸರ್ ಅವರ ಟ್ಯೂಷನ್ನಿನಲ್ಲಿ ದಿನಕ್ಕೊಂದು ತಪ್ಪು ಖಾಯಂ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ಎಲ್ಲೋ ಒಂದು ಕಡೆ ಬೇಕೆಂದೇ ತಪ್ಪು ಬರೆದು, ಏನೂ ಅರಿಯದವರಂತೆ ಮುಂದೆ ಸಾಗುತ್ತಿದ್ದರು. ಹಿಡಿದವರಿಗೆ ಅವರ ಹೆಂಡತಿ ಸ್ನೇಹಲತಾ ಕರಿದ ಬಿಸಿಬಿಸಿ ಗೋಳಿಬಜೆ. ಹಿಡಿಯದವರಿಗೆ ಅದರ ಪರಿಮಳ ಮಾತ್ರ. ಹಾಗಾಗಿ ಮನೆ ಮುಂದಿನ ಸಿಟೌಟಿನಲ್ಲಿ ಕೂತ ಎಂಟು ಮಕ್ಕಳೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೋರ್ಡು ನೋಡುತ್ತಿದ್ದರು.

ಅವರಲ್ಲಿ ಫಾಯಿಝಾ ಹೊಳೆಯಾಚೆಯ ಬೆಂಗ್ರೆಯಿಂದ ಫೆರಿಯಲ್ಲಿ ದಾಟಿ, ಸಿಟಿ ಬಸ್ಸು ಹಿಡಿದು ಬರುವವಳು. ಫಿಸಿಕ್ಸ್ ಎಂದರೆ ಜ್ವರ ಬರುತ್ತಿದ್ದ ಹುಡುಗಿಗೆ ಧೈರ್ಯ ಕೊಟ್ಟದ್ದೇ ಈ ಆಟ. ಸೆಕೆಂಡ್ ಪಿಯು ಪರೀಕ್ಷೆಗೆ ಇನ್ನು ಮೂರೇ ವಾರ ಉಳಿದಿತ್ತು.

ಆದರೆ ಸರ್ ಒಂದು ಮಾತನ್ನೂ ಹೇಳಿಟ್ಟಿದ್ದರು. "ನಾನು ಇಡದ ತಪ್ಪು ಬೋರ್ಡಿಗೆ ಬಂದ ದಿನ ಚಾಕ್ ಕೆಳಗಿಡ್ತೇನೆ, ಮತ್ತೆ ಕಲಿಸುದಿಲ್ಲ. ಮಕ್ಕಳ ಮಾರ್ಕಿನ ಜೊತೆ ಆಟ ಆಡ್ಲಿಕ್ಕೆ ಆಗುದಿಲ್ಲ." ಅವರಿಗೆ ಎಪ್ಪತ್ತೆರಡು ದಾಟಿತ್ತು. ಈಚೆಗೆ ಅವರ ಬಾಯಲ್ಲಿ ಮಕ್ಕಳ ಹೆಸರುಗಳು ಅದಲುಬದಲಾಗುತ್ತಿದ್ದವು.

ಆ ಸಂಜೆಯ ಮೊದಲ ಲೆಕ್ಕ ದ್ಯುತಿವಿದ್ಯುತ್ ಪರಿಣಾಮದ್ದು. ಬೀಳುವ ಬೆಳಕಿನ ಕಣದ ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟ್, ಲೋಹದಿಂದ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದದ್ದು 2.1. ಕಳೆಯಬೇಕಾದಲ್ಲಿ ಸರ್ ಕೂಡಿಸಿ 5.2 ಎಂದು ಬರೆದರು. "ಸರ್, ಮೈನಸ್" ಎನ್ನುತ್ತ ದೇರೆಬೈಲಿನ ರಿತೇಶ್ ಎದ್ದು ನಿಂತ. ಗೋಳಿಬಜೆ ಅವನ ಪಾಲಾಯಿತು. ಇವತ್ತಿನ ತಪ್ಪು ಮುಗಿಯಿತೆಂದು ಉಳಿದವರು ನಿಶ್ಚಿಂತೆಯಿಂದ ಕಾಪಿ ಮಾಡತೊಡಗಿದರು.

ಎರಡನೆಯದು ದ್ರವ್ಯ ತರಂಗದ ಲೆಕ್ಕ. ನೂರು ವೋಲ್ಟಿನಲ್ಲಿ ಓಡಿಸಿದ ಎಲೆಕ್ಟ್ರಾನಿನ ತರಂಗದೂರ ಎಷ್ಟು? ಸರ್ 1240ನ್ನು ನೂರರಿಂದ ಭಾಗಿಸಿ, 12.4 ನ್ಯಾನೋಮೀಟರ್ ಎಂದು ಬರೆದು ಅಡಿಗೆರೆ ಎಳೆದರು.

ಫಾಯಿಝಾಳ ಪೆನ್ನು ನಿಂತಿತು. 1240 ಬೆಳಕಿನ ಲೆಕ್ಕಕ್ಕೆ ಬರುವ ಸಂಖ್ಯೆ. ಎಲೆಕ್ಟ್ರಾನಿಗಾದರೆ 1.227ನ್ನು ವೋಲ್ಟಿನ ವರ್ಗಮೂಲದಿಂದ ಭಾಗಿಸಬೇಕು, ಉತ್ತರ 0.1227. ಹಾಗೆ ಕಲಿಸಿದವರೂ ಇದೇ ಸರ್. ಹೇಳಿದರೆ ಅವರು ಚಾಕ್ ಕೆಳಗಿಡುತ್ತಾರೆ. ಹೇಳದಿದ್ದರೆ ಉಳಿದ ಏಳು ಮಂದಿ ತಪ್ಪನ್ನೇ ಉರುಹೊಡೆದು ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಸರ್ ಮೇಲೆ ಅವಳಿಗೆ ಜೀವ.

"ಸರ್, ಇವತ್ತು ಎರಡು ತಪ್ಪು ಇಟ್ಟಿದ್ದೀರಿ ಅಲ್ವಾ?" ಎಂದಳು ಮೆಲ್ಲಗೆ.

ಗುಣಪಾಲರು ಲೆಕ್ಕವನ್ನು ಮೊದಲ ಸಾಲಿನಿಂದ ಮತ್ತೆ ಓದಿದರು. ಹೌದೆಂದು ನಕ್ಕುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮನುಷ್ಯನಿಗೆ ಅಷ್ಟು ಸಣ್ಣ ಸುಳ್ಳೂ ಬರುವುದಿಲ್ಲ.

"ಇಲ್ಲ ಫಾಯಿಝಾ. ಇದು ನಾನು ಇಟ್ಟದ್ದಲ್ಲ," ಎಂದು ಚಾಕನ್ನು ಕಿಟಕಿಯ ದಂಡೆಯ ಮೇಲಿಟ್ಟರು.

ಬಾಗಿಲಲ್ಲಿ ನಿಂತಿದ್ದ ಸ್ನೇಹಲತಾ ತಟ್ಟೆ ತಂದು ಫಾಯಿಝಾಳ ಮುಂದಿಟ್ಟರು. "ಹಿಡಿದವರಿಗೆ ಬಜೆ ಅಂತ ಅಲ್ವಾ ಇದ್ದದ್ದು? ಇಟ್ಟದ್ದಾ, ಬಂದದ್ದಾ ಅಂತ ಇಲ್ಲಿ ಯಾರೂ ಕೇಳುದಿಲ್ಲ."

ಫಾಯಿಝಾ ಬಜೆ ಮುಟ್ಟಲಿಲ್ಲ. ಎದ್ದು ಹೋಗಿ ಚಾಕ್ ಎತ್ತಿಕೊಂಡಳು. "ನಾಳೆಯಿಂದ ನಾನು ಬರೀತೇನೆ ಸರ್. ನೀವು ಕೂತು ನೋಡಿ. ಕಲಿಸುದು ಮಾತ್ರ ಬಿಡ್ಬೇಡಿ."

ಸರ್ ಒಳಗೆ ಹೋದರು. ಫೆರಿಯಲ್ಲಿ ಕೂತು ಮನೆಗೆ ಹೋಗುವಾಗ ಫಾಯಿಝಾ ಹೊಳೆ ನೋಡುತ್ತ ಅತ್ತಳು. ನಾಳೆ ಸಿಟೌಟು ಖಾಲಿ ಇರುತ್ತದೆ ಎಂದೇ ಅವಳಿಗೆ ಖಾತ್ರಿಯಾಗಿತ್ತು.

ಮರುದಿನ ಬೋರ್ಡಿನ ಪಕ್ಕದಲ್ಲಿ ಕುರ್ಚಿ ಇತ್ತು, ಕುರ್ಚಿಯಲ್ಲಿ ಸರ್ ಇದ್ದರು. ಹೊಸ ಲೆಕ್ಕ ಕೊಟ್ಟರು: ನಾನೂರು ವೋಲ್ಟ್. ಫಾಯಿಝಾ 1.227 ಬರೆದು, ಕೆಳಗೆ ನೇರವಾಗಿ 400 ಬರೆದಳು.

"ವರ್ಗಮೂಲ ಎಲ್ಲಿ ಮಾರಾಯ್ತಿ?" ಎಂದು ಸರ್ ಕುರ್ಚಿಯಿಂದಲೇ ಕೇಳಿದರು.

"ಬಜೆ ಸರ್‌ಗೆ," ಎಂದ ರಿತೇಶ್. ಸಿಟೌಟು ಇಡೀ ನಕ್ಕಿತು. ಇಷ್ಟು ವರ್ಷ ಹಂಚಿದ ಬಜೆಯಲ್ಲಿ ಒಂದು ಮೊದಲ ಸಲ ಅವರ ಕೈಗೆ ಬಂತು.

"ಒಳ್ಳೆ ಜಾಗ ನೋಡಿ ಇಟ್ಟಿದ್ದಿ ತಪ್ಪು," ಎಂದರು ಸರ್.

ಫಾಯಿಝಾ ಕಿವಿಯವರೆಗೂ ಕೆಂಪಾದಳು. "ಇಟ್ಟದ್ದಲ್ಲ ಸರ್. ಬಂದದ್ದು."

ಗುಣಪಾಲರು ಬಜೆ ಮುರಿದು ಅರ್ಧ ಅವಳಿಗೆ ಕೊಟ್ಟರು.

"ಹಾಗಾದ್ರೆ ನಾಳೆಯೂ ನಾನು ಇಲ್ಲಿ ಕೂತುಕೊಳ್ಬೇಕಾಗ್ತದೆ," ಎಂದರು.